ಎಂಟನೆಯ ಮೀಟರು

ಸ್ವಂತ ಅಪ್ಪನ ಭುಜಕ್ಕೆ ಮೀಟರು ಸಿಕ್ಕಿಸುವಾಗಲೇ ಅವಳಿಗೆ ಇದು ಸರಿಯಲ್ಲ ಅನ್ನಿಸಿತ್ತು. ಅನ್ನಿಸಿದ್ದನ್ನು ಅಲ್ಲೇ ನುಂಗಿಕೊಂಡಳು. ಅವಳು ಮಾಡಿದ ತಪ್ಪು ಅಷ್ಟೇ. ಉಳಿದದ್ದೆಲ್ಲ ಅದರ ಬಾಲ ಹಿಡಿದುಕೊಂಡು ಬಂತು.

ಕಾರ್ಖಾನೆಗಳಿಗೆ ಹೋಗಿ ಸದ್ದು, ದೂಳು, ಬೆಳಕು, ಸೆಕೆ ಎಲ್ಲ ಅಳೆದು, ದುಡಿಯುವವರ ಮೈಗೆ ಯಾವುದು ಕೆಡುಕು ಎಂದು ಬರೆದುಕೊಡುವುದು ಅವಳ ಉದ್ಯೋಗ. ಮೂರು ವರ್ಷ ಓದಿ, ಒಂದು ಸಲ ಫೇಲಾಗಿ, ಎರಡನೆಯ ಸಲ ಹಟ ಹಿಡಿದು ಪಾಸಾಗಿ ಪಡೆದ ಸರ್ಟಿಫಿಕೇಟು ಅವಳದು. ಹೋದಲ್ಲೆಲ್ಲ ಜನ ‘ಅಳತೆ ಮೇಡಂ’ ಅನ್ನುತ್ತಿದ್ದರು. ಆ ಸರ್ಟಿಫಿಕೇಟು ಕೊಟ್ಟ ಮಂಡಳಿ ಜೊತೆಯಲ್ಲಿ ನಿಯಮಗಳ ಒಂದು ತೆಳು ಪುಸ್ತಕವನ್ನೂ ಕೊಟ್ಟಿತ್ತು. ಮನೆಯವರು ದುಡಿಯುವ ಜಾಗವನ್ನು ಅಳೆಯಬೇಕಾಗಿ ಬಂದರೆ ಮೊದಲು ಅದನ್ನು ಬರವಣಿಗೆಯಲ್ಲಿ ತಿಳಿಸಬೇಕು ಎಂದು ಅದರಲ್ಲಿ ಸ್ಪಷ್ಟವಾಗಿಯೇ ಇತ್ತು. ಅವಳು ಬಾಯಲ್ಲಿ ತಿಳಿಸಿದಳು.

“ಸರ್, ಆ ಮುಚ್ಚಳದ ಕಾರ್ಖಾನೇಲಿ ನಮ್ಮಪ್ಪ ಇದ್ದಾರೆ. ತಮ್ಮನೂ ಅಲ್ಲೇ ಸೂಪರ್‌ವೈಸರ್.”

“ಒಳ್ಳೇದೇ ಆಯ್ತಲ್ಲ, ದಾರಿ ಕೇಳೋ ತಾಪತ್ರಯ ಇಲ್ಲ,” ಎಂದರು ಅವಳ ಏಜೆನ್ಸಿಯ ಯಜಮಾನರು, ಕಂಪ್ಯೂಟರಿನಿಂದ ಕಣ್ಣೆತ್ತದೆ. “ಬೇರೆ ಯಾರೂ ಖಾಲಿ ಇಲ್ಲ. ಹೋಗಿ ಮುಗಿಸ್ಕೊಂಡು ಬನ್ನಿ.”

ಹೋದಳು. ಪಾತ್ರೆಗಳಿಗೆ ತಗಡಿನ ಮುಚ್ಚಳ ಒತ್ತುವ ಎಂಟು ಪ್ರೆಸ್ಸು, ಎಂಟು ಜನ. ಮೀಟರು ಎಂದರೆ ಬೆಂಕಿಪೊಟ್ಟಣದಷ್ಟು ದೊಡ್ಡದು, ಮೇಲೊಂದು ಕಪ್ಪು ಸ್ಪಂಜಿನ ಉಂಡೆ. ಪಾಳಿ ಶುರುವಾದಾಗ ಭುಜಕ್ಕೆ ಸಿಕ್ಕಿಸಿದರೆ ಮುಗಿಯುವವರೆಗೂ ಅದು ಕಿವಿಯ ಪಕ್ಕದಲ್ಲೇ ಕೂತು, ಆ ಕಿವಿ ಎಷ್ಟು ಸದ್ದು ಕುಡಿಯಿತು ಎಂದು ನಿಮಿಷ ನಿಮಿಷಕ್ಕೂ ಬರೆದಿಟ್ಟುಕೊಳ್ಳುತ್ತದೆ. ಎಂಟು ಗಂಟೆಯ ಪಾಳಿಗೆ ಸರಾಸರಿ ಎಂಬತ್ತೈದು ಡೆಸಿಬೆಲ್ ಮಿತಿ. ಸಿಕ್ಕಿಸಿ, ‘ಯಾರೂ ತೆಗೀಬೇಡಿ’ ಎಂದು ಹೇಳಿ, ಅವಳು ಬಣ್ಣದ ವಿಭಾಗದ ಗಾಳಿ ಅಳೆಯಲು ಹೋದಳು. ಸಂಜೆ ಬಂದಾಗ ಎಂಟೂ ಮೀಟರು ಭುಜದ ಮೇಲೇ ಇದ್ದವು. ಸರಾಸರಿ ಎಂಬತ್ತೊಂದು. ಎಂಟರದ್ದೂ ಎಂಬತ್ತೊಂದರ ಆಚೆ ಈಚೆ.

ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಪ್ಪನ ಕಿವಿ ಮೂವತ್ತೊಂದು ವರ್ಷದಲ್ಲಿ ಮುಕ್ಕಾಲು ಹೋಗಿದ್ದು ಹಳೆಯ ಯಂತ್ರಗಳ ಕಾಲದ್ದು, ಈಗಿನದು ಪರವಾಗಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಮೇಜಿನ ಮೇಲೆ ಇನ್ನೂ ಹನ್ನೊಂದು ರಿಪೋರ್ಟು ಕಾದು ಕೂತಿದ್ದವು. ‘ಮಿತಿಯೊಳಗಿದೆ’ ಎಂದು ಬರೆದು ಸಹಿ ಹಾಕಿದಳು.

ಮನೆಯಲ್ಲಿ ಅಂದು ಹಬ್ಬದಂಥ ಊಟ. ತಮ್ಮನೇ ಹೋಗಿ ಮಾಂಸ ತಂದ. ಅಕ್ಕನ ತಟ್ಟೆಗೆ ಒಳ್ಳೆಯ ತುಂಡುಗಳನ್ನು ಆರಿಸಿ ಹಾಕಿದ. ಅವನು ಹೀಗೆಲ್ಲ ಉಪಚಾರ ಮಾಡುವ ಪೈಕಿಯೇ ಅಲ್ಲ. ಅವಳು ಅದನ್ನೂ ಪ್ರೀತಿ ಎಂದೇ ತಿಳಿದಳು.

ರಿಪೋರ್ಟು ಹೋಗಿ ಹತ್ತು ದಿನಕ್ಕೆ ಕಾರ್ಖಾನೆಯ ನೋಟಿಸ್ ಬೋರ್ಡಿನಲ್ಲಿ ಎರಡು ಸಾಲು ಬಂತು. ಪ್ರೆಸ್ಸುಗಳ ಸುತ್ತ ಸದ್ದು ತಡೆಯುವ ಗೋಡೆ ಕಟ್ಟಿಸುವ ಯೋಚನೆ ರದ್ದು. ಗಂಟೆಗೊಮ್ಮೆ ಹೊರಗೆ ಹೋಗಿ ಕೂರಲು ಕೊಡುತ್ತಿದ್ದ ಹತ್ತು ನಿಮಿಷದ ಬಿಡುವೂ ರದ್ದು. ಸದ್ದು ಮಿತಿಯೊಳಗಿದೆ ಎಂದು ಸಾಬೀತಾದ ಮೇಲೆ ಬಿಡುವು ಯಾಕೆ? ಆಧಾರವಾಗಿ ಅವಳ ರಿಪೋರ್ಟಿನ ಕೊನೆಯ ಹಾಳೆಯನ್ನೂ ಅಂಟಿಸಿದ್ದರು.

“ನಿನ್ನ ಸಹಿ ನೋಡ್ದೆ,” ಎಂದರು ಅಪ್ಪ ಊಟಕ್ಕೆ ಕೂತಾಗ. ಕಿವಿ ಕೇಳದವರ ಮಾತಿನಂತೆ ಅವರ ಮಾತೂ ಜೋರು. “ಅಕ್ಷರ ಚೆನ್ನಾಗಿದೆ.”

“ಬಿಡುವು ತೆಗೆದ್ರಂತಲ್ಲ, ಅಪ್ಪ?”

“ಏನು?”

“ಬಿಡುವು. ತೆಗೆದ್ರಂತೆ.”

“ಹೂಂ. ನಿಂತ್ಕೊಂಡೇ ಇರೋದು ಈಗ.”

ಆ ದಿನಗಳಲ್ಲಿ ಅಪ್ಪ ಮನೆಗೆ ಬಂದವರೇ ಎರಡೂ ಅಂಗೈಯಿಂದ ಕಿವಿ ಒತ್ತಿಕೊಂಡು ಮಂಚದ ಅಂಚಿನಲ್ಲಿ ಕೂರತೊಡಗಿದರು. ಒಳಗೆ ಏನೋ ಸೀಟಿ ಹೊಡೆದಂತಾಗುತ್ತದಂತೆ. ಅಮ್ಮ ಎಣ್ಣೆ ಬಿಸಿ ಮಾಡಿ ತಂದರೆ ಬೇಡ ಎಂದು ಕೈಯಾಡಿಸುತ್ತಿದ್ದರು. ತಮ್ಮನ ಆರು ವರ್ಷದ ಮಗಳು ಅಜ್ಜನಿಗೆ ಕೇಳಲೆಂದು ಕೂಗಿ ಕೂಗಿ, ಅದೇ ಅಭ್ಯಾಸವಾಗಿ, ‘ಮಗು ತರಗತಿಯಲ್ಲಿ ಕಿರುಚಿ ಮಾತಾಡುತ್ತಾಳೆ’ ಎಂದು ಶಾಲೆಯಿಂದ ಚೀಟಿ ಬಂತು.

“ಮೆತ್ತಗೆ ಮಾತಾಡೋದು ಕಲಿಸ್ರಿ ಅಂತಾರೆ ಟೀಚರ್,” ಎಂದಳು ತಮ್ಮನ ಹೆಂಡತಿ, ಚೀಟಿಯನ್ನು ಮೇಜಿನ ಮೇಲೆ ಬಡಿದು. “ಈ ಮನೇಲಿ ಯಾರನ್ನ ನೋಡಿ ಕಲೀಬೇಕು ಅವಳು?”

“ಯಾರು ಮೆತ್ತಗೆ ಮಾತಾಡಲ್ಲ?” ಎಂದು ಅಮ್ಮ ಅಡುಗೆಮನೆಯಿಂದಲೇ ಅರಚಿದರು.

ಒಂದು ಭಾನುವಾರ ಬೆಳಿಗ್ಗೆ, ಏಜೆನ್ಸಿಗೆ ಹೊಸದಾಗಿ ಸೇರಿದವರಿಗೆ ಮರುದಿನ ಪಾಠ ಮಾಡಬೇಕಿತ್ತು. ಒಳ್ಳೆಯ ಅಳತೆ ಎಂದರೆ ಹೇಗಿರಬೇಕು ಎಂದು ತೋರಿಸಲು ಒಂದು ಮಾದರಿ ಬೇಕು. ಅವಳು ಮಾಡಿದ್ದರಲ್ಲೆಲ್ಲ ಅಚ್ಚುಕಟ್ಟಾದ ಅಂಕಿಗಳು ಇದ್ದದ್ದು ಮುಚ್ಚಳದ ಕಾರ್ಖಾನೆಯದರಲ್ಲೇ. ಅಮ್ಮ ಎದುರಿಗೆ ಕೂತು ಬೀನ್ಸಿನ ನಾರು ತೆಗೆಯುತ್ತಿದ್ದರು. ಅವಳು ಊಟದ ಮೇಜಿನ ಮೇಲೇ ಲ್ಯಾಪ್‌ಟಾಪ್ ತೆರೆದು, ಮೊದಲ ಸಲ, ಸರಾಸರಿಯನ್ನು ಬಿಟ್ಟು ನಿಮಿಷ ನಿಮಿಷದ ಗೆರೆಗಳನ್ನು ನೋಡಿದಳು.

ಎಂಟು ಮೀಟರಿನ ಎಂಟು ಗೆರೆ. ಒಂದರ ಮೇಲೊಂದು ಇಟ್ಟರೆ ಒಂದೇ ಗೆರೆ.

ಎಂಟು ಜನ ಎಂಟು ಕಡೆ ನಿಂತು, ಒಬ್ಬ ನೀರಿಗೆ ಹೋಗಿ, ಒಬ್ಬ ಬೀಡಿಗೆ ಹೋಗಿ, ಒಬ್ಬನ ಯಂತ್ರ ಕೆಟ್ಟು ನಿಂತು, ಆದರೂ ಗೆರೆ ಒಂದೇ ಆಗಲು ಸಾಧ್ಯವೇ ಇಲ್ಲ. ಮೀಟರುಗಳು ಎಂಟೂ ಒಂದೇ ಕಡೆ ಬಿದ್ದಿದ್ದವು. ಅದೂ ಪ್ರೆಸ್ಸಿನ ಹತ್ತಿರ ಅಲ್ಲ; ಬಡಿತ ಅಷ್ಟು ಮಂಕಾಗಬೇಕಾದರೆ ಗಾಜಿನ ಆಚೆ. ಇಡೀ ದಿನದಲ್ಲಿ ಒಂಬತ್ತು ಸಲ ಎಂಟೂ ಗೆರೆಗಳು ಒಟ್ಟಿಗೇ ಚಂಗನೆ ಮೇಲೆ ಹಾರಿ ಕೆಳಗೆ ಬಿದ್ದಿದ್ದವು. ಡ್ರಾಯರು ಎಳೆದು ಮುಚ್ಚಿದಾಗ ಹಾಗಾಗುತ್ತದೆ. ಆ ಕಾರ್ಖಾನೆಯಲ್ಲಿ ಗಾಜಿನ ಕೋಣೆ ಇರುವುದು ಒಂದೇ. ಅದರಲ್ಲಿ ಡ್ರಾಯರಿನ ಮೇಜು ಇರುವುದೂ ಒಂದೇ. ಗೇಟ್‌ಪಾಸ್ ಪುಸ್ತಕ ತೆಗೆಯಲು ಆ ಡ್ರಾಯರನ್ನು ದಿನಕ್ಕೆ ಎಂಟು ಹತ್ತು ಸಲ ಎಳೆಯುವವನು ಅವಳ ತಮ್ಮ.

ಹೊಸಬರಿಗೆ ಮೊದಲ ದಿನ ಹೇಳಿಕೊಡುವ ಪಾಠ ಇದು: ಸರಾಸರಿ ನಂಬಬೇಡಿ, ಗೆರೆ ನೋಡಿ. ಹೇಳಿಕೊಡುವವಳೇ ನೋಡಿರಲಿಲ್ಲ. ಬೇರೆ ಕಾರ್ಖಾನೆಯಾಗಿದ್ದರೆ ಅವಳು ಖಂಡಿತ ನೋಡುತ್ತಿದ್ದಳು. ಅಪ್ಪನ ಕಿವಿ ಚೆನ್ನಾಗಿರಲಿ ಎಂಬ ಆಸೆ ಅವಳ ಕಣ್ಣು ಕಟ್ಟಿತ್ತು. ಆ ತೆಳು ಪುಸ್ತಕ ಬರೆದವರಿಗೆ ಇದು ಗೊತ್ತಿತ್ತು ಎಂದು ಅವಳಿಗೆ ಈಗ ಹೊಳೆಯಿತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅವಳು ಲ್ಯಾಪ್‌ಟಾಪನ್ನು ತಮ್ಮನ ತಟ್ಟೆಯ ಪಕ್ಕಕ್ಕೆ ತಳ್ಳಿದಳು.

“ಇದೇನು ಹೇಳು.”

ಅವನು ನೋಡಿದ. ಅನ್ನ ಕಲಸುವ ಕೈ ನಿಂತಿತು. “ಏನೋ ಗ್ರಾಫು.”

“ನಿನ್ನ ಡ್ರಾಯರು ಇದು. ಒಂಬತ್ತು ಸಲ ಎಳೆದಿದೀಯ.”

“ಊಟ ಮಾಡೋವಾಗ ಇದೆಲ್ಲ ಯಾಕೆ ಅಕ್ಕ?”

“ಅಪ್ಪ,” ಅವಳು ತಿರುಗಿದಳು. “ನಿಮ್ಮ ಮೀಟರ್ ಎಲ್ಲಿಟ್ಟಿದ್ರಿ?”

“ಏನು?”

“ಮೀಟರು. ಭುಜದ್ದು. ತೆಗೆದ್ರಾ?”

ಅಪ್ಪ ನೀರಿನ ಲೋಟ ಎತ್ತಿಕೊಂಡರು. ಕುಡಿದು ಮುಗಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು. ಅವರಿಗೆ ಕೇಳದ ಮಾತು ಯಾವುದು, ಕೇಳಿಸಿಕೊಳ್ಳದ ಮಾತು ಯಾವುದು ಎಂದು ಅಮ್ಮನೊಬ್ಬರಿಗೇ ಗೊತ್ತಾಗುತ್ತಿತ್ತು. ಅಮ್ಮ ತಟ್ಟೆ ನೋಡುತ್ತ ಕೂತರು.

“ಮಗ ಕೇಳ್ದ, ಕೊಟ್ಟೆ,” ಎಂದರು ಕೊನೆಗೆ.

ತಮ್ಮ ತಟ್ಟೆ ಹಿಂದಕ್ಕೆ ತಳ್ಳಿದ. “ಸರಿ, ನಾನೇ ಇಸ್ಕೊಂಡೆ. ಎಲ್ಲರ ಹತ್ರಾನೂ. ಮಿತಿ ದಾಟಿದ್ರೆ ಮುಚ್ಚಳದ ಕೆಲಸಾನೇ ಹೊರಗೆ ಕೊಟ್ಟುಬಿಡ್ತೀವಿ, ಈ ವಿಭಾಗವೇ ಬೇಡ ಅಂತ ಮ್ಯಾನೇಜರ್ ನನ್ನ ಮುಖಕ್ಕೇ ಹೇಳಿದ್ರು. ವಿಭಾಗದಲ್ಲಿ ಎಲ್ಲ ಸೇರಿ ನಲವತ್ತು ಜನ ಅಕ್ಕ. ಅಪ್ಪನಿಗೆ ರಿಟೈರ್ ಆಗೋಕೆ ಇನ್ನೆರಡು ವರ್ಷ. ಏನು ಮಾಡ್ಬೇಕಿತ್ತು ನಾನು?”

“ನನಗೆ ಹೇಳ್ಬೇಕಿತ್ತು.”

“ಹೇಳಿದ್ರೆ ನೀನು ಸಹಿ ಹಾಕ್ತಿದ್ಯಾ?”

“ಇಲ್ಲ.”

“ಅದಕ್ಕೇ ಹೇಳ್ಲಿಲ್ಲ.”

“ರಿಪೋರ್ಟ್ ವಾಪಸ್ ತಗೋತೀನಿ,” ಎಂದಳು ಅವಳು. “ನಾಳೆನೇ.”

ತಮ್ಮನ ಹೆಂಡತಿ ಮಗಳನ್ನು ಎಬ್ಬಿಸಿ ಕೈ ತೊಳೆಯಲು ಕಳಿಸಿದಳು. “ವಾಪಸ್ ತಗೊಂಡ್ರೆ ಇವರ ಕೆಲಸ ಉಳಿಯುತ್ತಾ? ಈ ಮನೆ ಬಾಡಿಗೆ ಯಾರು ಕಟ್ತಾರೆ, ನಿಮ್ಮ ಮಂಡಳಿಯವರಾ?”

“ಅವಳದ್ದೂ ಉಳಿಯಲ್ಲ,” ಎಂದ ತಮ್ಮ. “ಅಪ್ಪನೂ ತಮ್ಮನೂ ಇದ್ದ ಕಡೆ ಹೋಗಿ ಅಳೆದಿದ್ದಾಳೆ. ಬರೆದು ಕೊಟ್ಟಿಲ್ಲ. ಮೊದಲು ಅವಳ ಸರ್ಟಿಫಿಕೇಟೇ ಹೋಗೋದು.”

“ಗೊತ್ತು. ಅದನ್ನೂ ಬರೀತೀನಿ.”

“ನಿನಗೇನು ಹುಚ್ಚಾ?” ಅಮ್ಮ ಈಗ ಬಾಯಿಬಿಟ್ಟರು. “ಅವನು ಮಾಡಿದ್ದು ತಪ್ಪೇ, ಕಣೇ. ನಾಲ್ಕು ಬಾರಿಸು ಬೇಕಾದ್ರೆ. ಊರಿಗೆಲ್ಲ ಕಾಗದ ಬರೆದು ಯಾಕೆ ಹೇಳ್ಬೇಕು? ಮುಂದಿನ ವರ್ಷ ಬೇರೆಯವರು ಬಂದು ಅಳೀಲಿ.”

“ಅಲ್ಲೀವರೆಗೆ ಅಪ್ಪ ನಿಂತ್ಕೊಂಡೇ ಇರ್ಬೇಕಾ? ಬಿಡುವು ಹೋಗಿದ್ದು ನನ್ನ ಸಹಿಯಿಂದ ಅಮ್ಮ. ಕಿವಿ ಒತ್ಕೊಂಡು ಕೂತಿರೋದು ದಿನಾ ನೋಡ್ತೀಯಲ್ಲ ನೀನು?”

ಅಮ್ಮ ಯಾರೂ ಮುಗಿಸದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಎದ್ದರು. ಅಪ್ಪ ಒಬ್ಬೊಬ್ಬರ ಬಾಯನ್ನೂ ನೋಡುತ್ತ ಕೂತಿದ್ದರು. ಯಾರೂ ಅವರಿಗೆಂದು ಮತ್ತೊಮ್ಮೆ ಕೂಗಿ ಹೇಳಲಿಲ್ಲ.

ಅವಳು ಮಂಡಳಿಗೂ ಕಾರ್ಖಾನೆಗೂ ಕಾಗದ ಬರೆದಳು. ಮೀಟರುಗಳು ಭುಜದ ಮೇಲಿರಲಿಲ್ಲ, ಅಂಕಿಗಳು ಸುಳ್ಳು, ರಿಪೋರ್ಟು ಹಿಂದಕ್ಕೆ ಪಡೆದಿದ್ದೇನೆ. ಎಂಟು ಜನರಲ್ಲಿ ಒಬ್ಬರಿಗೆ ನಾನು ಮಗಳು, ಅವರ ಸೂಪರ್‌ವೈಸರನಿಗೆ ಅಕ್ಕ, ಇದನ್ನು ನಾನು ಬರೆದು ತಿಳಿಸಿರಲಿಲ್ಲ. ಡ್ರಾಯರಿನ ವಿಷಯ ಬರೆಯಲಿಲ್ಲ. ಅದನ್ನು ಅವಳು ಕಣ್ಣಾರೆ ಕಂಡಿರಲಿಲ್ಲ, ಗೆರೆ ನೋಡಿ ಊಹಿಸಿದ್ದು, ಆಮೇಲೆ ಊಟದ ಮೇಜಿನಲ್ಲಿ ಕೇಳಿದ್ದು. ಕಂಡವನು ತಾನೇ ಹೇಳಲಿ ಎಂದು ಬಿಟ್ಟಳು. ಆ ಒಂದು ವಾಕ್ಯ ಬಿಟ್ಟದ್ದು ನಿಯಮಕ್ಕೋ ತಮ್ಮನಿಗೋ ಎಂದು ಕೇಳಿದ್ದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ.

“ನಾನು ಯಾವಾಗ ಹೋಗಿ ಅಂದೆ?” ಎಂದರು ಯಜಮಾನರು, ಕಾಗದದ ಪ್ರತಿ ಹಿಡಿದುಕೊಂಡು. “ನಿಮ್ಮವರು ಅಲ್ಲಿದ್ದಾರೆ ಅಂತ ನನಗೆ ಹೇಳಿದ್ದಕ್ಕೆ ಏನಾದ್ರೂ ಸಾಕ್ಷಿ ಇದೆಯಾ?”

ಇರಲಿಲ್ಲ. ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಎಲ್ಲಿಂದ ಬರಬೇಕು?

ಮೂರು ವಾರಕ್ಕೆ ಮಂಡಳಿಯ ಉತ್ತರ ಬಂತು. ಆರು ತಿಂಗಳು ಸರ್ಟಿಫಿಕೇಟು ಅಮಾನತು. ಅಲ್ಲಿಯವರೆಗೆ ಅಳೆಯುವಂತಿಲ್ಲ, ಸಹಿ ಹಾಕುವಂತಿಲ್ಲ, ಅಭಿಪ್ರಾಯ ಕೊಡುವಂತಿಲ್ಲ. ತಾನಾಗಿ ತಪ್ಪು ಒಪ್ಪಿಕೊಂಡಿದ್ದಕ್ಕೆ ಮೆಚ್ಚುಗೆಯ ಒಂದು ಸಾಲೂ ಇತ್ತು. ಮೆಚ್ಚುಗೆ ಕಟ್ಟಿಕೊಂಡು ಅವಳು ಏನು ಮಾಡಬೇಕು? ಏಜೆನ್ಸಿಯಲ್ಲಿ ಅವಳನ್ನು ಸಾಮಾನಿನ ಕೋಣೆಗೆ ಹಾಕಿದರು. ಬೇರೆಯವರು ತಂದುಹಾಕುವ ಮೀಟರುಗಳನ್ನು ಒರೆಸುವುದು, ಚಾರ್ಜಿಗೆ ಇಡುವುದು, ಬೆವರು ಕುಡಿದ ಸ್ಪಂಜಿನ ಉಂಡೆಗಳನ್ನು ಸೋಪಿನ ನೀರಿನಲ್ಲಿ ತೊಳೆದು ಒಣಹಾಕುವುದು. ಹತ್ತು ವರ್ಷದ ಅನುಭವದವಳು ಉಂಡೆ ತೊಳೆಯುತ್ತಿದ್ದರೆ, ಅವಳು ಪಾಠ ಹೇಳಬೇಕಾಗಿದ್ದ ಹೊಸಬರು ಬಾಗಿಲ ಹೊರಗೇ ನಿಂತು ಮೀಟರು ಇಸಿದುಕೊಂಡು ಹೋಗುತ್ತಿದ್ದರು.

ಮನೆಯಲ್ಲಿ ತಮ್ಮ ಅವಳೊಡನೆ ಮಾತು ಬಿಟ್ಟಿದ್ದ. ಅವನ ಹೆಂಡತಿ ಬಟ್ಟೆ ಒಗೆಯುವಾಗ ಅವಳ ಬಟ್ಟೆಗಳನ್ನು ಬೇರೆ ತೆಗೆದಿಡುತ್ತಿದ್ದಳು. ಕಾರ್ಖಾನೆಯಲ್ಲಿ ಅಪ್ಪನನ್ನು ಹುಡುಗರೆಲ್ಲ ಮುಂಚಿನಿಂದಲೂ ‘ಮುಚ್ಚಳದಜ್ಜ’ ಎಂದು ಪ್ರೀತಿಯಿಂದ ಕರೆಯುತ್ತಿದ್ದರು. ಈಗ ಊಟದ ಹೊತ್ತಿಗೆ ಅವರ ಪಕ್ಕದ ಬೆಂಚು ಖಾಲಿ ಎಂದು ಅಮ್ಮನಿಗೆ ಯಾರೋ ಹೇಳಿದರು. ಅಮ್ಮ ಅದನ್ನು ಅವಳಿಗೆ ಮೂರು ಸಲ ಹೇಳಿದರು.

“ನಾನು ತಪ್ಪು ಮಾಡಿದಾಗ ಮಾಂಸದೂಟ ಹಾಕಿದ್ರಿ,” ಎಂದಳು ಅವಳು ಮೂರನೆಯ ಸಲಕ್ಕೆ. “ಸರಿ ಮಾಡಿದ ಮೇಲೆ ಒಬ್ರೂ ಮುಖ ಕೊಟ್ಟು ಮಾತಾಡಲ್ಲ.”

“ಸರಿ ಮಾಡಿದ್ರೆ ಏನಾದ್ರೂ ಸರಿ ಹೋಗ್ಬೇಕಲ್ಲ, ಎಲ್ಲಿ ಹೋಗಿದೆ ತೋರ್ಸು,” ಎಂದರು ಅಮ್ಮ. ರಿಪೋರ್ಟು ಹಿಂದಕ್ಕೆ ಪಡೆದರೂ ಬಿಡುವು ವಾಪಸ್ ಬಂದಿರಲಿಲ್ಲ.

ಕಾರ್ಖಾನೆಯಲ್ಲಿ ಮತ್ತೆ ಅಳತೆ ನಿಗದಿಯಾಯಿತು. ಈ ಸಲ ಬೇರೆ ಏಜೆನ್ಸಿ, ಬೇರೆ ತಜ್ಞ. ಹಿಂದಿನ ದಿನ ಸಂಜೆ ಅಪ್ಪ ವರಾಂಡದಲ್ಲಿ ಕೂತು ಬೂಟು ಒರೆಸುತ್ತಿದ್ದರು. ಅವಳು ಹೋಗಿ ಪಕ್ಕದಲ್ಲಿ ಕೂತಳು. ನಾಳೆ ಮೀಟರು ತೆಗೆಯಬೇಡಿ ಎನ್ನಬೇಕೆಂದು ನಾಲಿಗೆಯ ತುದಿಯವರೆಗೆ ಬಂತು. ಹಾಗೆ ಹೇಳಿಕೊಡುವುದೂ ಈಗ ಅವಳಿಗೆ ಸಲ್ಲದು. ಹೇಳಬೇಕಾದರೆ ಕೂಗಬೇಕು, ಕೂಗಿದರೆ ಒಳಗಿರುವ ತಮ್ಮನಿಗೂ ಕೇಳುತ್ತದೆ. ಸುಮ್ಮನೆ ಎದ್ದು ಬಂದಳು. ಇಷ್ಟು ಓದಿಯೂ ಹೆತ್ತ ಅಪ್ಪನಿಗೆ ಒಂದು ಮಾತು ಹೇಳುವ ಹಾಗಿಲ್ಲವಲ್ಲ ಎಂದು ಅವಳಿಗೆ ಅಳು ಬಂತು.

ಹನ್ನೆರಡು ದಿನದ ಮೇಲೆ ತಮ್ಮ ಸಂಜೆ ಒಂದು ಕವರು ಹಿಡಿದುಕೊಂಡು ಬಂದ. ಊಟಕ್ಕೆ ಕೂತ ಮೇಲೂ ಅದು ಅವನ ತೊಡೆಯ ಮೇಲೇ ಇತ್ತು.

“ಏನದು?” ಎಂದರು ಅಮ್ಮ.

“ಹೊಸ ರಿಪೋರ್ಟು. ಮೀಟರು ಪಾಳಿ ಪೂರ್ತಿ ಭುಜದ ಮೇಲಿತ್ತು ಅಂತ ನಾನು ಸಾಕ್ಷಿ ಸಹಿ ಹಾಕ್ಬೇಕು. ನಾಳೆ ಬೆಳಿಗ್ಗೆಗೆ ಕೊಡ್ಬೇಕಂತೆ.” ಎರಡು ತಿಂಗಳಲ್ಲಿ ಮೊದಲ ಸಲ ಅವನು ಅಕ್ಕನ ಕಡೆ ನೋಡಿದ. “ಏಳು ಮೀಟರು ಎಂಬತ್ತೊಂದು. ಒಂದು ತೊಂಬತ್ತೇಳು.”

ಅವಳ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. “ಒಂದು?”

“ಅಪ್ಪನದು. ಉಳಿದವರು ಯಾರೂ ಹೇಳದೇನೆ ತಂದು ನನ್ನ ಡ್ರಾಯರಿಗೆ ಹಾಕಿದ್ರು, ಹಿಂದಿನ ಸಲದ ಹಾಗೆ. ನಾನು ಹಾಕಿ ಅಂದಿಲ್ಲ ಅಕ್ಕ. ಬೇಡ ಅಂತಾನೂ ಅಂದಿಲ್ಲ. ಅಳೆಯೋಕೆ ಬಂದವರು ಆಫೀಸಲ್ಲಿ ಕಾಫಿ ಕುಡೀತಾ ಕೂತಿದ್ರು.”

“ಮತ್ತೆ ತೊಂಬತ್ತೇಳಕ್ಕೆ ಏನು ಬರೆದಿದ್ದಾರೆ?”

ತಮ್ಮ ಕಾಗದ ತೆಗೆದು ಓದಿದ. “‘ಎಂಟನೆಯ ಮೀಟರಿನಲ್ಲಿ ದೋಷವಿರುವುದು ಕಂಡುಬಂದಿದ್ದರಿಂದ ಅದರ ಅಂಕಿಯನ್ನು ಕೈಬಿಡಲಾಗಿದೆ. ಸದ್ದು ಮಿತಿಯೊಳಗಿದೆ.’”

ಅವಳಿಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ನಿಜ ಹೇಳಿದ್ದು ಒಂದೇ ಮೀಟರು. ಅದೊಂದನ್ನೇ ಕೆಟ್ಟಿದೆ ಎಂದು ಎತ್ತಿ ಹಾಕಿದ್ದರು. ತಕರಾರು ತೆಗೆಯಬೇಕಾದರೆ ಸರ್ಟಿಫಿಕೇಟು ಇರಬೇಕು, ಅದು ಇನ್ನು ನಾಲ್ಕೂವರೆ ತಿಂಗಳು ಅವಳ ಪಾಲಿಗಿಲ್ಲ.

“ಏನಂತೆ?” ಎಂದರು ಅಪ್ಪ. ಮಕ್ಕಳಿಬ್ಬರೂ ಮತ್ತೆ ಮಾತಾಡಿದ್ದು ಅವರ ಕಣ್ಣಿಗೆ ಬಿದ್ದಿತ್ತು.

ತಮ್ಮ ಕಾಗದ ಮಡಚತೊಡಗಿದ.

“ಏನಂತೋ?”

“ನಿಮ್ಮ ಮೀಟರು ಕೆಟ್ಟಿತ್ತಂತೆ ಅಪ್ಪ,” ಎಂದ ತಮ್ಮ.

“ಏನು?”

“ಮೀಟರು. ನಿಮ್ಮದು. ಕೆಟ್ಟಿತ್ತಂತೆ.” ಅವನ ದನಿ ಮಾಮೂಲಿನಷ್ಟು ಏಳಲಿಲ್ಲ.

ಅಪ್ಪ ಅಂಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು ಮೇಜಿನ ಮೇಲೆ ಬಾಗಿದರು. ತಮ್ಮ ಇನ್ನೂ ಒಂದು ಸಲ ಹೇಳಬೇಕಾಯಿತು, ಪೂರ್ತಿ ಗಂಟಲಿನಲ್ಲಿ, ಅಪ್ಪನ ಮುಖಕ್ಕೆ. ಹೇಳಿ ಮುಗಿಸುವಷ್ಟರಲ್ಲಿ ಅವನ ಕತ್ತಿನ ನರ ಉಬ್ಬಿ ಮುಖ ಕೆಂಪಾಗಿತ್ತು.

“ಕೆಟ್ಟಿರ್ಲಿಲ್ಲ,” ಎಂದರು ಅಪ್ಪ. “ನಾನು ಮುಟ್ಟಲೇ ಇಲ್ಲ ಅದನ್ನ. ಒಂದಕ್ಕೆ ಹೋದಾಗ್ಲೂ ಬಿಚ್ಚಲಿಲ್ಲ. ಹುಡುಗರು ನಕ್ಕರು, ನಗ್ಲಿ ಅಂತ ಬಿಟ್ಟೆ. ಹೇಗೆ ಕೆಡುತ್ತೆ?” ಅವರು ಮಗಳ ಕಡೆ ತಿರುಗಿದರು. “ನಾನು ಸರಿಯಾಗಿ ಹಾಕ್ಕೊಂಡಿದ್ನಲ್ಲ?”

ಅವಳು ತಲೆಯಾಡಿಸಿದಳು.

ತಮ್ಮ ಕಾಗದವನ್ನು ತಟ್ಟೆಯ ಪಕ್ಕದಲ್ಲಿ ಹರಡಿ ಎಡಗೈಯಿಂದ ನೀವುತ್ತ ಕೂತ. ಅವನ ಹೆಂಡತಿ ಅವನನ್ನೇ ನೋಡುತ್ತಿದ್ದಳು. ಅವನು ಎದ್ದು ಕೈ ತೊಳೆದು, ಮಗಳ ಶಾಲೆಯ ಚೀಲದಿಂದ ಪೆನ್ನು ತೆಗೆದುಕೊಂಡು ಬಂದ.

“ಅಕ್ಕ, ಏನಂತ ಬರೀಬೇಕು?”

“ನಾನು ಹೇಳೋ ಹಾಗಿಲ್ಲ.”

“ಎಲ್ಲಾ ಮಾಡಿಟ್ಟು ಈಗ ಹೇಳೋ ಹಾಗಿಲ್ಲ ಅಂದ್ರೆ?”

“ನೀನು ಕಂಡಿದ್ದನ್ನ ಬರಿ. ಅದಕ್ಕೆ ಸರ್ಟಿಫಿಕೇಟ್ ಬೇಡ.”

“ಕೆಲಸ?” ಎಂದಳು ಅವನ ಹೆಂಡತಿ, ಮೆಲ್ಲಗೆ.

“ಗೊತ್ತಿಲ್ಲ,” ಎಂದ ಅವನು.

ಬರೆಯಲು ಕೂತ. ಎರಡು ಸಲ ಹೊಡೆದುಹಾಕಿದ. ಅವಳಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಈ ನಾಲ್ಕು ಸಾಲು ಬರೆಯಲು ಇವನಿಗೆ ಎರಡು ತಿಂಗಳು ಬೇಕಾಯಿತೇ ಎಂದು ಸಿಟ್ಟೇ ಬಂತು. ಬರೆದಾದ ಮೇಲೆ ಅವನು ಕಾಗದವನ್ನು ಅವಳ ಕಡೆ ಚಾಚಿದ. ಅವಳು ಮುಟ್ಟಲಿಲ್ಲ.

“ಅಪ್ಪನಿಗೆ ಓದಿ ಹೇಳು.”

“ಅಪ್ಪನಿಗೆ ಕೇಳಿಸಲ್ಲ.”

“ಕೇಳಿಸೋ ಹಾಗೆ ಓದು.”

ಅವನು ಎದ್ದು ನಿಂತ. ಮೇಲಿನ ಮನೆಯವರಿಗೂ ಕೆಳಗಿನ ಮನೆಯವರಿಗೂ ಕೇಳುವಂತೆ ಓದಿದ. “‘ಮೊದಲ ಸಲ ಎಂಟೂ ಮೀಟರುಗಳನ್ನು ನಾನೇ ತೆಗೆಸಿ ನನ್ನ ಡ್ರಾಯರಿನಲ್ಲಿ ಇಟ್ಟಿದ್ದೆ. ಎರಡನೆಯ ಸಲ ಏಳು ಮೀಟರುಗಳು ಅದೇ ಡ್ರಾಯರಿನಲ್ಲಿದ್ದವು, ನಾನು ನೋಡಿಯೂ ಸುಮ್ಮನಿದ್ದೆ. ಎಂಟನೆಯದರಲ್ಲಿ ದೋಷವಿರಲಿಲ್ಲ. ಅದು ಪಾಳಿ ಪೂರ್ತಿ ನಮ್ಮ ಅಪ್ಪನ ಭುಜದ ಮೇಲಿತ್ತು.’”

ಅಪ್ಪ ಅಂಗೈಯನ್ನು ಕಿವಿಯಿಂದ ತೆಗೆದರು.

“ನಮ್ಮ ಅಪ್ಪ ಅಂತ ಬೇಡ,” ಎಂದರು. “ಪ್ರೆಸ್ ಆಪರೇಟರ್ ಅಂತ ಬರಿ.”